ನಾಲ್ಕು ತಾಲೂಕಿನ ಹಳೇ ಕಾರುಗಳಿಗೊಂದು ವೆಬ್‌ಸೈಟು

ಹಳೇ ಕಾರು ಇಟ್ಟುಕೊಂಡವನಿಗೆ ದಾರಿಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹಳೇ ಕಾರುಗಳಿಗೆ ವೆಬ್‌ಸೈಟು ಮಾಡಿದವನಿಗೆ ಮಾತ್ರ ಮನೆಯಲ್ಲಿ ಕುಂತಲ್ಲೇ ಆಗುತ್ತದೆ. ನಾನು ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮ ಕಾರ್ ಕ್ಲಬ್ಬಿನಲ್ಲಿ ಲ್ಯಾಪ್‌ಟಾಪ್ ಇದ್ದವನು ನಾನೊಬ್ಬನೇ. ಆದ್ದರಿಂದ ಆ ಕೆಲಸ ನನಗೆ ಬಂತು, ಸಂಬಳವಿಲ್ಲದೆ.

ಎಲ್ಲಿ ಇಡೂದು?

ಕ್ಲಬ್ಬಿನ ಮೊದಲ ಸಭೆ ಕೊಪ್ಪಳದ ಒಂದು ಹೋಟೆಲಿನಲ್ಲಿ, ಮಂಡಾಳ ಒಗ್ಗರಣಿ ಮತ್ತು ಮಿರ್ಚಿಯ ಸಮ್ಮುಖದಲ್ಲಿ ನಡೆಯಿತು. ಅಧ್ಯಕ್ಷರು ಗಂಗಾವತಿಯ ರೈಸ್ ಮಿಲ್ಲಿನ ಮಾಲೀಕರು, ಅವರದು ತಂದೆಯ ಕಾಲದ ಅಂಬಾಸಡರ್. ಕಾರ್ಯದರ್ಶಿ ಕುಷ್ಟಗಿಯ ರಿಟೈರಾದ ದನದ ಡಾಕ್ಟರು, ಅವರದು ಜೀಪು. ಖಜಾಂಚಿ ಯಲಬುರ್ಗಾದ ವಕೀಲರು, ಅವರದು ಪದ್ಮಿನಿ. ನನ್ನದು ಮಾರುತಿ ಎಂಟುನೂರು. ಅದನ್ನು ಹಳೇ ಕಾರು ಅಂತ ಒಪ್ಪಿಕೊಳ್ಳುವುದಕ್ಕೇ ಅರ್ಧ ತಾಸು ಚರ್ಚೆಯಾಯಿತು. ನನ್ನ ಲ್ಯಾಪ್‌ಟಾಪ್ ನೆನಪಾದ ಮೇಲೆ ಒಪ್ಪಿದರು.

ವೆಬ್‌ಸೈಟು ಬೇಕು ಅಂತ ಎಲ್ಲರೂ ಕೈ ಎತ್ತಿದರು. ಅದನ್ನು ಎಲ್ಲಿ ಇಡೋದು ಅನ್ನುವಲ್ಲಿ ಜಗಳ ಹತ್ತಿತು. ಗಂಗಾವತಿಯಲ್ಲಿ ತಮ್ಮ ಮಿಲ್ಲಿನ ಮೇಲೆ ಒಂದು ರೂಮು ಖಾಲಿ ಇದೆ ಅಂದರು ಅಧ್ಯಕ್ಷರು. ಕುಷ್ಟಗಿಯಲ್ಲಾದರೆ ಹೈವೇಗೆ ಹತ್ತಿರ, ಬಂದು ಹೋಗುವವರಿಗೆ ಅನುಕೂಲ ಅಂದರು ಡಾಕ್ಟರು. ನಮ್ಮ ತಾಲೂಕಿಗೆ ಯಾವತ್ತೂ ಏನೂ ಕೊಟ್ಟಿಲ್ಲ, ಇದನ್ನಾದರೂ ಕೊಡಿ ಅಂತ ವಕೀಲರು ಎದ್ದು ನಿಂತೇ ವಾದ ಮಾಡಿದರು.

ವೆಬ್‌ಸೈಟು ಊರಿನಲ್ಲಿ ಇರುವ ವಸ್ತುವಲ್ಲ, ಅದು ಯಾವುದೋ ಪರದೇಶದ ಮಷೀನಿನೊಳಗೆ ಇರುತ್ತದೆ ಅಂತ ನಾನು ಬಿಡಿಸಿ ಹೇಳಿದೆ. ಅಧ್ಯಕ್ಷರು ಮಿರ್ಚಿಯ ತೊಟ್ಟು ತೆಗೆದು ತಾಟಿನ ಅಂಚಿಗಿಟ್ಟು ಕೇಳಿದರು:

"ಯಲಬುರ್ಗಾದಾಗ ಅಂತೂ ಇಲ್ಲಲ್ರಿ?"

"ಇಲ್ರಿ."

"ಹಂಗಾರ ಅಲ್ಲೇ ಇರಲಿ ಬಿಡ್ರಿ."

ಬಣ್ಣ

ಸದಸ್ಯರೆಲ್ಲ ತಮ್ಮ ತಮ್ಮ ಗಾಡಿಯ ಫೋಟೋ ಕಳಿಸಿ ಅಂದೆ. ಮೊದಲು ಬಂದದ್ದು ಅಧ್ಯಕ್ಷರದು. ನಡುವೆ ಅವರು, ಎಡಬಲಕ್ಕೆ ಇಬ್ಬರು ತಮ್ಮಂದಿರು, ಸೊಸೆಯಂದಿರು, ಮೊಮ್ಮಕ್ಕಳು, ಮಿಲ್ಲಿನ ಗುಮಾಸ್ತರು. ಎಲ್ಲರೂ ಹೊಸ ಬಟ್ಟೆ ಹಾಕಿದ್ದರು. ಅಂಬಾಸಡರ್ ಮಾತ್ರ ಕಾಣಲಿಲ್ಲ. ಗಾಡಿ ಎಲ್ಲಿ ಅಂತ ಫೋನಿನಲ್ಲಿ ಕೇಳಿದರೆ, "ಹಿಂದ ಐತಲ್ರಿ" ಅಂದರು. ಹಿಗ್ಗಿಸಿ ನೋಡಿದೆ. ಗುಮಾಸ್ತರ ಕಿವಿಯ ಪಕ್ಕದಲ್ಲಿ ಒಂದು ವೈಪರ್ ಕಂಡಿತು.

ಮನುಷ್ಯರು ಯಾರೂ ಇಲ್ಲದ, ಬರೀ ಗಾಡಿಯದೊಂದು ಫೋಟೋ ಕಳಿಸಿ ಅಂತ ಕೈಮುಗಿದು ಕೇಳಿಕೊಂಡೆ. ಅವರು ಖಾಸಾ ಫೋಟೋಗ್ರಾಫರನ್ನೇ ಕರೆಸಿದರು. ಈ ಸಲ ಗಾಡಿ ಪೂರ್ತಿ ಬಂದಿತ್ತು, ನೀಲಿ ತಾಡಪತ್ರಿ ಹೊದ್ದುಕೊಂಡು. ಫೋಟೋಗ್ರಾಫರ್ ಬರುವ ತನಕ ಧೂಳು ಕುಂದರಬಾರದು ಅಂತ ಹೊಚ್ಚಿದ್ದರಂತೆ. ಅವನು ಬಂದ, ಫೋಟೋ ತೆಗೆದ, ಹೋದ.

ಇನ್ನೊಮ್ಮೆ ಕೇಳುವ ಧೈರ್ಯ ನನಗಾಗಲಿಲ್ಲ, ಅದನ್ನೇ ಹಾಕಿದೆ. ಎರಡು ದಿನಕ್ಕೆ ಕಾರಟಗಿಯಿಂದ ಯಾರೋ ಕೆಳಗೆ ಬರೆದಿದ್ದರು: "ಬಣ್ಣ ಭಾಳ ಛಲೋ ಬಂದೈತಿ. ಎಲ್ಲಿ ಹೊಡಿಸೀರಿ?"

ಕ್ಲಬ್

ವೆಬ್‌ಸೈಟಿನಲ್ಲಿ ನನ್ನ ಫೋನ್ ನಂಬರು ಹಾಕಿದ್ದು, ಮೇಲೆ ದಪ್ಪ ಅಕ್ಷರದಲ್ಲಿ 'ಕ್ಲಬ್' ಅಂತ ಬರೆದದ್ದು, ಎರಡೂ ಸೇರಿ ಹೊಸ ಪೀಕಲಾಟ ತಂದವು. ನಮ್ಮ ಕಡೆ ಕ್ಲಬ್ ಅಂದರೆ ಮಂದಿಗೆ ಮೊದಲು ನೆನಪಾಗುವುದು ಇಸ್ಪೀಟು. ಆಟ ಎಷ್ಟೊತ್ತಿಗೆ ಶುರುವಾಗುತ್ತದೆ, ಹೊರಗಿನವರನ್ನು ಕೂರಿಸಿಕೊಳ್ಳುತ್ತೀರಾ ಅಂತ ಫೋನುಗಳು ಬರತೊಡಗಿದವು. ತಳಕಲ್ಲಿನವರೊಬ್ಬರಂತೂ, ಪೊಲೀಸರ ಕಾಟ ಇಲ್ಲದಿದ್ದರೆ ಮಾತ್ರ ಬರುತ್ತೇವೆ ಅಂತ ಷರತ್ತು ಹಾಕಿದರು.

ಸುದ್ದಿ ನಮ್ಮ ಸಾಲಿಗೂ ಮುಟ್ಟಿತು. ಹೆಡ್‌ಮಾಸ್ತರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ದೇವರಂಥ ಮನುಷ್ಯರು, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ.

"ನೀವು ಕ್ಲಬ್ ನಡಸ್ತೀರಂತ."

"ಹೌದ್ರಿ ಸರ್. ಕಾರ್ ಕ್ಲಬ್."

ಅವರು ಕನ್ನಡಕ ತೆಗೆದರು. "ಕಾರು ಒತ್ತಿ ಇಟ್ಟು ಆಡೂಮಟ ಹೋಗ್ಯಾರೇನ್ರಿ ಮಂದಿ?"

ಅವರಿಗೆ ಎಲ್ಲ ವಿವರಿಸಿ ಹೊರಗೆ ಬರುವಷ್ಟರಲ್ಲಿ ನನ್ನ ಒಂದು ಕ್ಲಾಸು ಮುಗಿದಿತ್ತು. ಅವತ್ತೇ ವೆಬ್‌ಸೈಟಿನಲ್ಲಿ 'ಕ್ಲಬ್' ಅಳಿಸಿ 'ಹಳೇ ಕಾರುಗಳ ಬಳಗ' ಅಂತ ಬರೆದೆ. ಫೋನು ಬರುವುದು ನಿಂತಿತು. ಕೆಲವು ದಿನ ಬಿಟ್ಟು ಹೆಡ್‌ಮಾಸ್ತರು ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು:

"ಆ ಕ್ಲಬ್ ಖರೇನ ಬಂದ್ ಆತೇನ್ರಿ? ನಮ್ಮ ಅಳಿಯ ಕೇಳಾಕತ್ತಿದ್ದ."

ಕೊಂಬು

ಪರವೂರಿನವರಿಗೂ ತಿಳಿಯಲಿ ಅಂತ ಡಾಕ್ಟರು ತಮ್ಮ ಜೀಪಿನ ವರ್ಣನೆಯನ್ನು ಇಂಗ್ಲಿಷಿನಲ್ಲೇ ಬರೆದು ಕೊಟ್ಟರು. ಫೋಟೋ ಇನ್ನೂ ಕೊಟ್ಟಿರಲಿಲ್ಲ, ಬರೀ ಬರಹವನ್ನೇ ಹಾಗೇ ಹಾಕಿದೆ. ಓದುವವರ ಮೊಬೈಲುಗಳು ಅದನ್ನು ತಾವೇ ಕನ್ನಡ ಮಾಡಿ ತೋರಿಸುತ್ತವೆ ಅನ್ನುವುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮೊಬೈಲು ಹಾರ್ನ್ ಅನ್ನುವುದನ್ನು ಕೊಂಬು ಮಾಡಿತು. ಹೀಗಾಗಿ ನಮ್ಮ ಡಾಕ್ಟರ ಹೆಸರಿನ ಕೆಳಗೆ, 'ಮೊದಲಿನಿಂದ ಒಬ್ಬರೇ ಮಾಲೀಕರು, ಮೂಲ ಕೊಂಬುಗಳು, ಗುಡ್ಡ ಹತ್ತುವಾಗಲೂ ದಣಿಯುವುದಿಲ್ಲ' ಅಂತ ಜಾಹೀರಾಯಿತು.

ಕುಷ್ಟಗಿ ಕಡೆಯ ರೈತರೊಬ್ಬರು ಹಗ್ಗ ಹಿಡಿದುಕೊಂಡೇ ಬಂದರು. ದನದ ಡಾಕ್ಟರು ಸಾಕಿದ್ದು ಅಂದ ಮೇಲೆ ನಂಬಿಕೆ ಬಾರದೆ ಇರುತ್ತದೆಯೇ? ಮೊಬೈಲಿನಲ್ಲಿ ನೋಡಿ ಬಂದೆ, ಒಮ್ಮೆ ತೋರಿಸ್ರಿ ಅಂದರಂತೆ. ಡಾಕ್ಟರು ತಮ್ಮ ಜೀಪಿನ ಕೀರ್ತಿ ಇಷ್ಟು ಬೇಗ ಹಬ್ಬಿತಲ್ಲ ಅಂತ ಹಿಗ್ಗಿ, ಹಿತ್ತಲಿಗೆ ಕರೆದೊಯ್ದು ಜೀಪಿನ ಮುಂದೆ ನಿಲ್ಲಿಸಿದರು. ರೈತರು ಅದರ ಸುತ್ತ ಒಂದು ಸುತ್ತು ಹಾಕಿ, ಕೊಂಬು ಎಲ್ಲಿ ಅಂದರು. ಡಾಕ್ಟರು ಒಳಗೆ ಕೈ ಹಾಕಿ ಜೋರಾಗಿ ಒಂದು ಹಾರ್ನ್ ಹೊಡೆದರು.

ರೈತರು ಹಗ್ಗವನ್ನು ಹೆಗಲಿಗೆ ಹಾಕಿಕೊಂಡರು. ದೂರದಿಂದ ಬಂದವರು, ಬರಿಗೈಲಿ ಹೋಗಬಾರದು ಅಂತಲೋ ಏನೋ, ದನದ ವಯಸ್ಸು ಕೇಳುವವರ ಹಾಗೆ ಕೇಳಿದರು:

"ಹಲ್ಲು ಎಷ್ಟಾಗ್ಯಾವ್ರಿ?"

ಡಾಕ್ಟರು ತುಸು ಯೋಚಿಸಿದರು. "ಗೇರಿನಾಗ ಅದಾವ್ರಿ. ಎಣಿಸಿಲ್ಲ."

ಮುಲಾಮು

ವೆಬ್‌ಸೈಟಿನ ಹೆಸರನ್ನು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಇಲ್ಲದಿದ್ದರೆ ಅದು ಬೇರೆಯವರ ಪಾಲು. ಆ ವರ್ಷ ಅದು ಯಾರ ಕೆಲಸ ಅಂತ ಸಭೆಯಲ್ಲಿ ತೀರ್ಮಾನವಾಗುವುದರೊಳಗೆ ಹೆಸರು ಹೋಗಿಬಿಟ್ಟಿತು. ಒಂದು ಮುಂಜಾನೆ ತೆಗೆದು ನೋಡಿದರೆ ಕಾರುಗಳಿಲ್ಲ, ತಾಡಪತ್ರಿ ಇಲ್ಲ. ಅವುಗಳ ಜಾಗದಲ್ಲಿ ಒಬ್ಬ ಅಜ್ಜ ಮೊಣಕಾಲು ಹಿಡಿದು ಕೂತಿದ್ದ, ಪಕ್ಕದಲ್ಲಿ ಒಂದು ಮುಲಾಮಿನ ಡಬ್ಬಿ.

ನನಗೆ ಖರೇ ಸಂಕಟವಾಯಿತು. ಎಷ್ಟೋ ಭಾನುವಾರಗಳನ್ನು ಅದಕ್ಕೆ ಸುರಿದಿದ್ದೆ. ಯಾರಾದರೂ ಫೋನ್ ಮಾಡಿ ಬೈಯುತ್ತಾರೆ ಅಂತ ಕಾದೆ. ವಾರ ಹೋಯಿತು, ತಿಂಗಳೂ ಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೇ ಇಷ್ಟು ಬೇಜಾರಾಗುತ್ತಿರಲಿಲ್ಲ.

ಕೊನೆಗೆ ವಕೀಲರು ಕೋರ್ಟಿನ ಕೆಲಸಕ್ಕೆ ಕೊಪ್ಪಳಕ್ಕೆ ಬಂದವರು ನಮ್ಮ ಮನೆಗೂ ಬಂದರು. ಚಹಾ ಕುಡಿಯುತ್ತ, ವೆಬ್‌ಸೈಟು ಈಗ ಭಾಳ ಸುಧಾರಿಸಿದೆ ಅಂದರು. ನಾನು ಅವರ ಮುಖ ನೋಡಿದೆ. ಚೇಷ್ಟೆ ಏನೂ ಕಾಣಲಿಲ್ಲ.

"ಹಳೇ ಗಾಡಿ ಕ್ಲಚ್ ಒತ್ತಿ ಒತ್ತಿ ನಮ್ಮೆಲ್ಲಾರ ಮೊಣಕಾಲು ಹೋಗ್ಯಾವ. ಅದನ್ನ ವಿಚಾರ ಮಾಡಿದವರು ನೀವೊಬ್ಬರ ನೋಡ್ರಿ ಮಾಸ್ತರ. ನಾನೂ ತರಿಸೀನಿ, ಅಧ್ಯಕ್ಷರೂ ತರಿಸ್ಯಾರ."

ಗುಣ ಬಂತೇ ಅಂತ ಕೇಳುವುದೊಂದೇ ನನಗೆ ಉಳಿದಿದ್ದು. ಬಂತಂತೆ.

ಯಲಬುರ್ಗಾದ ಸವಾರಿ

ಬೇರೆ ಹೆಸರಿನಲ್ಲಿ ವೆಬ್‌ಸೈಟು ಮತ್ತೆ ಕಟ್ಟಿದೆ. ಅದರ ಉದ್ಘಾಟನೆಗೆ ಎಲ್ಲ ಹಳೇ ಗಾಡಿಗಳೂ ಒಂದು ಭಾನುವಾರ ಯಲಬುರ್ಗಾದಲ್ಲಿ ಕೂಡುವುದು ಅಂತಾಯಿತು. ಅಲ್ಲಿಯ ಸಾಲಿ ಮೈದಾನದಲ್ಲಿ ನಿಂತು ಮೊಬೈಲಿನಿಂದ ಜಾಗ ಕಳಿಸಿಕೊಡಿ, ನಾನು ನಕಾಶೆಯಲ್ಲಿ ಹಾಕುತ್ತೇನೆ ಅಂತ ವಕೀಲರಿಗೆ ಹೇಳಿದ್ದೆ. ಅವರು ಕಳಿಸಿದರು, ನಾನು ಹಾಕಿದೆ. ಅವತ್ತು ಬಿಸಿಲು ಭಾಳ ಇದ್ದದ್ದರಿಂದ ಅವರು ಮೈದಾನದ ತನಕ ಹೋಗದೆ, ಎರಡು ಓಣಿ ಈಚೆಗೆ ಯಾರದೋ ಮನೆಯ ನೆರಳಿಗೆ ನಿಂತು ಕಳಿಸಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ಮುಂದೆ ಅಧ್ಯಕ್ಷರ ಅಂಬಾಸಡರ್, ಹಿಂದೆ ಡಾಕ್ಟರ ಜೀಪು, ಅದರ ಹಿಂದೆ ನನ್ನ ಎಂಟುನೂರು, ಉಳಿದವರು ಸಾಲಾಗಿ. ಮೊಬೈಲು ಹೇಳಿದಂತೆ ತಿರುಗಿ ತಿರುಗಿ ಒಂದು ಓಣಿ ಹೊಕ್ಕೆವು. ಒಂದು ಮನೆಯ ಮುಂದೆ ದೊಡ್ಡ ರಂಗೋಲಿ, ಬಾಗಿಲಿಗೆ ತೋರಣ. ನಮ್ಮನ್ನು ಕಂಡದ್ದೇ ತಡ, ನಾಲ್ಕು ಜನ ಓಡಿಬಂದು "ಬರ್ರಿ ಬರ್ರಿ" ಅಂತ ಕೈಕಾಲಿಗೆ ನೀರು ಕೊಟ್ಟು, ಜಮಖಾನೆ ಹಾಸಿದ ಪಡಸಾಲೆಯಲ್ಲಿ ಕೂಡಿಸಿದರು. ಉಪ್ಪಿಟ್ಟು, ಶಿರಾ ಬಂದವು. ಯಲಬುರ್ಗಾದವರ ಬಗ್ಗೆ ಇಷ್ಟು ದಿನ ತಪ್ಪು ತಿಳಿದಿದ್ದೆ ಅಂತ ಅಧ್ಯಕ್ಷರು ನನ್ನ ಕಿವಿಯಲ್ಲಿ ಅಂದರು. ವಕೀಲರು ಕಾಣುತ್ತಿರಲಿಲ್ಲ. ಅವರು ಮೈದಾನದಲ್ಲಿ ಹಾರ ಹಿಡಿದು ನಮ್ಮನ್ನು ಕಾಯುತ್ತಿದ್ದರು.

ನಿಜವೆಂದರೆ ಅವತ್ತು ಆ ಮನೆಗೆ ಹುಡುಗಿ ನೋಡಲು ಗಂಡಿನವರು ಬರುವವರಿದ್ದರು. ಮನೆಯವರು ನಮ್ಮನ್ನೇ ಗಂಡಿನವರು ಅಂದುಕೊಂಡಿದ್ದರು. ನಮಗೆ ಅದು ಗೊತ್ತಿಲ್ಲ. ಹುಡುಗಿಯ ಅಜ್ಜ, ಕಣ್ಣು ಮಂಜಾದ ಹಿರಿಯರು, ಅಧ್ಯಕ್ಷರ ಪಕ್ಕಕ್ಕೆ ಸರಿದು ಕೂತು ಗಂಡಿನ ವಿಚಾರ ತೆಗೆದರು. ಅಧ್ಯಕ್ಷರು ಅದು ತಮ್ಮ ಅಂಬಾಸಡರಿನ ವಿಚಾರ ಅಂದುಕೊಂಡರು. ಅವರಿಗೆ ಬೇರೆ ವಿಚಾರ ಇರುವುದಿಲ್ಲ.

"ವಯಸ್ಸು ಎಷ್ಟಾತ್ರಿ?"

"ಅರವತ್ತು ದಾಟೇತ್ರಿ."

ಅಜ್ಜ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಭಾಳ ಆತಲ್ರಿ."

"ವಯಸ್ಸು ನೋಡಬ್ಯಾಡ್ರಿ. ಹೋದ ವರ್ಷ ಒಳಗಿಂದೆಲ್ಲಾ ಬಿಚ್ಚಿಸಿ ಹೊಸಾದು ಹಾಕಿಸೀನಿ. ಮುಂಜಾನಿ ಎದ್ದೇಳಾಕ ಒಂದೀಟು ತ್ರಾಸು. ಇಬ್ಬರು ಹಿಂದಿಂದ ನೂಕಿದರ ಆತು, ಆಮ್ಯಾಲೆ ದಿನಪೂರ್ತಿ ಓಡತೈತಿ."

ಒಳಬಾಗಿಲ ಪರದೆಯ ಹಿಂದೆ ಬಳೆಗಳ ಸದ್ದು ನಿಂತಿತು. ಅಜ್ಜ ದನಿ ತಗ್ಗಿಸಿ, ಚಟ ಗಿಟ ಏನಾದರೂ ಇದೆಯೇ ಅಂತ ಕೇಳಿದರು. ಅಧ್ಯಕ್ಷರು ಸುಳ್ಳು ಹೇಳುವವರಲ್ಲ.

"ಎಣ್ಣಿ ಒಂದು ಸ್ವಲ್ಪ ಜಾಸ್ತಿ ಕುಡಿತೈತ್ರಿ. ಗಂಗಾವತಿಯಿಂದ ಇಲ್ಲಿಗೆ ಬರೂದ್ರಾಗ ಎರಡು ಸಲ ಹಾಕಿಸೀನಿ."

ಅಜ್ಜ ಗೋಡೆಗೆ ಒರಗಿದರು. ಹುಡುಗಿಯ ತಂದೆ ನನ್ನ ಕೈಯಲ್ಲಿದ್ದ ಶಿರಾದ ತಾಟನ್ನು ಮೆಲ್ಲಗೆ ತೆಗೆದುಕೊಂಡರು.

ಅಷ್ಟರಲ್ಲಿ ನಿಜವಾದ ಗಂಡಿನವರು ಬಂದರು. ಓಣಿಯ ತುಂಬ ನಮ್ಮ ಗಾಡಿಗಳೇ ನಿಂತದ್ದರಿಂದ ಅವರ ಕಾರು ಒಳಗೆ ಬರಲಾಗದೆ, ಹುಡುಗ ಬಿಸಿಲಲ್ಲಿ ನಡೆದೇ ಬಂದ. ತಲೆ ಮುಂದುಗಡೆ ಸ್ವಲ್ಪ ಬೋಳು, ಬೆವರಿನಿಂದ ಅಂಗಿ ಮೈಗೆ ಅಂಟಿತ್ತು. ಯಾರು ಯಾರು ಅನ್ನುವುದು ಎಲ್ಲರಿಗೂ ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನಾವು ತಲೆತಗ್ಗಿಸಿ ಚಪ್ಪಲಿ ಹುಡುಕತೊಡಗಿದೆವು. ಹುಡುಗನ ಫೋಟೋ ನೋಡಿ ಆ ಮನೆಯವರಿಗೆ ಮೊದಲು ಅಷ್ಟೇನೂ ಮನಸ್ಸಿರಲಿಲ್ಲವಂತೆ. ಈಗ ಪರದೆ ಸರಿಯಿತು. ಹೆಂಗಸರೆಲ್ಲ ಅವನನ್ನು ಹಬ್ಬದ ಚಂದ್ರನನ್ನು ನೋಡಿದಂತೆ ನೋಡಿದರು.

ಅಜ್ಜ ಅವನನ್ನು ಹತ್ತಿರ ಕೂಡಿಸಿಕೊಂಡರು. ವಯಸ್ಸು ಕೇಳಿದರು. ಮೂವತ್ತೊಂದು. ಎಣ್ಣಿ? ಮುಟ್ಟುವುದಿಲ್ಲ. ಮುಂಜಾನೆ? ತಾನೇ ಏಳುತ್ತಾನೆ. ಅಜ್ಜನ ಮುಖ ಅರಳಿತು. ಆದರೂ ಹಿರಿಯರು, ಎಲ್ಲ ಖಾತ್ರಿ ಮಾಡಿಕೊಳ್ಳಬೇಕಲ್ಲ. ಹುಡುಗನ ಎದೆಯ ಮೇಲೆ ಕೈಯಿಟ್ಟು ಅವರಪ್ಪನ ಕಡೆ ತಿರುಗಿ ಕೇಳಿದರು:

"ಒಳಗಿನ ಸಾಮಾನೆಲ್ಲಾ ಹುಟ್ಟಿದಾಗಿನವ ಅದಾವಲ್ರಿ?"