ನಿಝ್ವಾ ತಪ್ಪಿಸುವ ದಾರಿ

ಮಂಗಳೂರಿನಿಂದ ಗಲ್ಫಿಗೆ ಹೋದ ಪೆಟ್ಟಿಗೆಗಳಲ್ಲಿ ಅರ್ಧದಷ್ಟಾದರೂ ಕೊಡಿಯಾಲ್‌ಬೈಲಿನ ನನ್ನ ಬ್ಯಾಗಿನಂಗಡಿಯಿಂದಲೇ ಹೋದವು. (ಉಳಿದವರು ನನ್ನಲ್ಲಿ ಗಂಟೆಗಟ್ಟಲೆ ಚೌಕಾಸಿ ಮಾಡಿ ಪಕ್ಕದಂಗಡಿಯಲ್ಲಿ ಕೊಂಡರು.) ಆದರೆ ಈ ಉಮರಬ್ಬನಿಗೆ ಮಾತ್ರ ಐವತ್ತನಾಲ್ಕು ತುಂಬಿದರೂ ವಿಮಾನ ಹತ್ತುವ ಯೋಗ ಬರಲಿಲ್ಲ. ಅದಕ್ಕೇ ಈ ಸಲ ಹಟ ಹಿಡಿದೆ. ಒಮಾನಿಗೆ ಹೋಗುವುದು, ಬಾಡಿಗೆ ಕಾರು ಹಿಡಿಯುವುದು, ಮಸ್ಕತ್‌ನಿಂದ ಸಲಾಲದವರೆಗೆ ಸಾವಿರ ಕಿಲೋಮೀಟರ್ ನಾನೇ ಓಡಿಸುವುದು! ಪಕ್ಕದಲ್ಲಿ ಹೆಂಡತಿ ನಾಝಿಮಾ ಒಬ್ಬಳೇ. ನೆಂಟರ ನೆರಳೂ ಬೀಳಬಾರದು.

ಊಟದ ಮೇಜಿನ ಮೇಲೆ ಭೂಪಟ ಹರಡಿ ನನ್ನ ಮಹಾಯೋಜನೆಯನ್ನು ವಿವರಿಸಿದೆ. ನಾಝಿಮಾ ಬಂಗುಡೆಯ ಮುಳ್ಳು ಬಿಡಿಸುತ್ತಾ ಒಂದೇ ಪ್ರಶ್ನೆ ಕೇಳಿದಳು.

"ನಿಝ್ವಾದಲ್ಲಿ ಎಷ್ಟು ದಿನ?"

"ನಿಝ್ವಾದಲ್ಲಿ ಎಂತಕ್ಕೆ?"

"ಎಂತಕ್ಕೆ ಅಂತ ಕೇಳ್ತೀರಲ್ಲ ಮಾರಾಯ್ರೆ! ನನ್ನ ತಂಗಿ ಶಮೀಮಾ ಇರುವುದು ಅಲ್ಲೇ ಅಲ್ವಾ? ಅವಳ ಮನೆ ಬುಡದಲ್ಲೇ ಹೋಗಿ ನೈಚೋರು ಉಣ್ಣದೆ ಬಂದ್ರೆ ನಾಳೆ ಅವಳಿಗೆ ಮುಖ ತೋರಿಸ್ಲಿಕ್ಕುಂಟಾ?"

ನೈಚೋರೆಂಬ ಆ ತುಪ್ಪದನ್ನವನ್ನಾದರೂ ಸಹಿಸಬಹುದು. ಶಮೀಮಾಳ ಗಂಡ ಸಿದ್ದೀಕನನ್ನು ಸಹಿಸುವುದು ಹೇಗೆ? ತೆರೆದ ಬಾಯಿ ಮುಚ್ಚದ ಮನುಷ್ಯ. 'ಭಾವ, ನಿಮಗೆ ಇಲ್ಲಿಯ ರೂಲ್ಸ್ ಗೊತ್ತಿಲ್ಲ' ಎಂದು ಮೊದಲ ತಿರುವಿನಲ್ಲೇ ಸ್ಟಿಯರಿಂಗ್ ಕಸಿದುಕೊಳ್ಳುತ್ತಾನೆ. ಹಾಗಾಗಿ ಮೂರು ಸಂಜೆ ಕೂತು, ನಿಝ್ವಾ ತಪ್ಪಿಸಿ ಮರುಭೂಮಿಯಲ್ಲಿ ಹೋಗುವ ದಾರಿ ಹುಡುಕಿದೆ.

"ನೋಡು, ಇಲ್ಲಿ ಒಂಟೆ ಬಿಟ್ಟರೆ ಯಾರೂ ಇಲ್ಲ. ಇರುವುದು ಒಂದೇ ಪೆಟ್ರೋಲ್ ಪಂಪ್."

"ಆ ಪಂಪಿನ ಕೆಫೆಟೇರಿಯಾ ನನ್ನ ಚಿಕ್ಕಪ್ಪನ ಮಗ ಉಬೈದನದ್ದು," ಎಂದಳು ನಾಝಿಮಾ. "ಅವನಿಗೆ ಆಗ್ಲೇ ಹೇಳಿಯಾಯ್ತು. ಅವನು ಶಮೀಮಾಳಿಗೆ ಹೇಳಿದ. ನಮ್ಮ ಕಾರು ಓಡಿಸ್ಲಿಕ್ಕೆ ಸಿದ್ದೀಕ್ ಹದಿನೈದು ದಿನ ರಜೆ ಹಾಕಿದ್ದಾನೆ."

ನನ್ನ ಪಿತ್ತ ನೆತ್ತಿಗೇರಿತು. ಕೂಡಲೇ ಕುಟುಂಬದ ವಾಟ್ಸಾಪ್ ಗ್ರೂಪಿಗೆ ನರಳುತ್ತಾ ಧ್ವನಿಸಂದೇಶ ಕಳಿಸಿದೆ: ಬೆನ್ನು ಹಿಡಿದುಕೊಂಡಿದೆ, ಏಳಲಿಕ್ಕಾಗುವುದಿಲ್ಲ, ಒಮಾನ್ ಕ್ಯಾನ್ಸಲ್. ಗುಟ್ಟಾಗಿ ಹೋಗಿ ಗುಟ್ಟಾಗಿ ಬರುವುದೆಂದು ನನ್ನ ಎಣಿಕೆ.

"ಸುಳ್ಳು ನಿಮ್ಮದು. ನನ್ನನ್ನು ಸೇರಿಸ್ಬೇಡಿ," ಎಂದಳು ನಾಝಿಮಾ.

ಕಾಯಿಲೆಯವರನ್ನು ನೋಡಿ ಬಾರದೆ ನಮ್ಮವರಿಗೆ ಉಂಡ ಅನ್ನ ಕರಗುವುದಿಲ್ಲ ಎಂಬುದನ್ನು ಈ ಮಂಕು ಮರೆತಿತ್ತು. ನಮ್ಮ ವಿಮಾನಕ್ಕೆ ಎರಡು ದಿನ ಇದೆ ಎನ್ನುವಾಗ ಶಮೀಮಾ, ಸಿದ್ದೀಕ್ ಮತ್ತು ಐದು ಬಾಟಲಿ ನೋವಿನೆಣ್ಣೆ ಬಾಗಿಲಲ್ಲಿ! ನಾನು ಓಡಿಹೋಗಿ ಮಂಚದ ಮೇಲೆ ಬಿದ್ದೆ.

"ಅಯ್ಯೋ ಪಾಪ ಭಾವ!" ಎಂದಳು ಶಮೀಮಾ. "ಆದ್ರೆ ಅಕ್ಕನ ಟಿಕೆಟ್ ಯಾಕೆ ವೇಸ್ಟ್ ಮಾಡುವುದು? ನನಗೆ ಹೇಗೂ ಶನಿವಾರ ವಾಪಸ್ ಹೋಗ್ಲಿಕ್ಕುಂಟು. ಅವಳೂ ಬರ್ಲಿ, ಕಾರು ನಾನು ಓಡಿಸ್ತೇನೆ."

"ಭಾವನನ್ನು ನಾನು ನೋಡಿಕೊಳ್ತೇನೆ," ಎಂದು ಸಿದ್ದೀಕ್ ಅಂಗಿಯ ತೋಳು ಮಡಚಿದ. "ರಜೆ ಉಂಟಲ್ಲ."

ನಾನು ನಾಝಿಮಾಳಿಗೆ ಕಣ್ಣಲ್ಲೇ ಅಂಗಲಾಚಿದೆ. ಅವಳು ಕಿವಿಯ ಹತ್ತಿರ ಬಾಗಿ, "ಎದ್ದು ನಡೀರಿ. ಎಲ್ಲ ಸುಳ್ಳು ಅಂತ ಹೇಳಿ. ಆಗ್ತದಾ?" ಎಂದಳು.

ಆಗಲಿಲ್ಲ. ನನಗೆಂದೇ ಅಂಗಡಿಯಿಂದ ತಂದಿಟ್ಟಿದ್ದ ನೀಲಿ ಪೆಟ್ಟಿಗೆಯನ್ನು ಎಳೆದುಕೊಂಡು ಅವಳು ಹೊರಟಳು. ಭೂಪಟವೂ ಅದರೊಳಗಿತ್ತು.

ಇದನ್ನೆಲ್ಲ ಮಕಾಡೆ ಮಲಗಿಕೊಂಡೇ ಹೇಳುತ್ತಿದ್ದೇನೆ. ಸಿದ್ದೀಕ್ ಎರಡು ಹೊತ್ತೂ ಬೆನ್ನು ತಿಕ್ಕುತ್ತಾನೆ. ತಿಕ್ಕುವಷ್ಟು ಹೊತ್ತೂ ಒಮಾನಿನಲ್ಲಿ ಕಾರು ಹೇಗೆ ಓಡಿಸಬೇಕೆಂದು ಪಾಠ. ಅವನ ಕೈಯ ಪ್ರತಾಪಕ್ಕೆ ಈಗ ಬೆನ್ನು ನಿಜಕ್ಕೂ ಹಿಡಿದುಕೊಂಡಿದೆ.

ಈಗಷ್ಟೇ ನಾಝಿಮಾಳ ಸಂದೇಶ ಬಂತು: "ನಿಮ್ಮ ದಾರಿ ಎಷ್ಟು ಚಂದ ಉಂಟು ಗೊತ್ತುಂಟಾ! ಒಬ್ಬನೇ ಒಬ್ಬ ನೆಂಟ ಸಿಗ್ಲಿಲ್ಲ. ಉಬೈದನ ಕೆಫೆಟೇರಿಯಾವೂ ಬಾಗಿಲು ಹಾಕಿದೆ. ನಿಮ್ಮನ್ನು ನೋಡ್ಲಿಕ್ಕೆ ಅಂತ ನಿನ್ನೆಯೇ ಊರಿಗೆ ಹೊರಟನಂತೆ."

ಬೆಲ್ ಆಯಿತು. ಸಿದ್ದೀಕ್ ಎಣ್ಣೆ ಕೈಯಲ್ಲೇ ಬಾಗಿಲು ತೆಗೆಯಲು ಹೋಗಿದ್ದಾನೆ.