ಅಡ್ಡ ಹೋದ ಬೆಕ್ಕು ಯಾರದು

ಶಕುನ ನಂಬುವವರಲ್ಲಿ ಎರಡು ಬಗೆ. ನಂಬುತ್ತೇನೆ ಎಂದು ಹೇಳಿಯೇ ನಂಬುವವರು ಮರ್ಯಾದಸ್ಥರು. ನಂಬುವುದಿಲ್ಲ ಎಂದು ಹೇಳಿಕೊಂಡು ಒಳಗೊಳಗೇ ನಂಬುವವರು ಇನ್ನೊಂದು ಬಗೆ, ನಾನು ಆ ಪೈಕಿ. ಬೆಕ್ಕು ಅಡ್ಡ ಬಂದರೆ ನಾನು ನಿಲ್ಲುತ್ತೇನೆ, ಆದರೆ ಬೆಕ್ಕಿಗಾಗಿ ನಿಂತೆ ಎಂದು ಯಾರಿಗೂ ಅನಿಸದ ಹಾಗೆ ನಿಲ್ಲುತ್ತೇನೆ. ನಡೆದು ಹೋಗುತ್ತಿದ್ದರೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತೇನೆ. ಸ್ಕೂಟರಿನಲ್ಲಿದ್ದರೆ ಬಾರದ ಫೋನಿಗೆ ಹಲೋ ಅನ್ನುತ್ತೇನೆ. ಯಾರಾದರೂ ಪುಣ್ಯಾತ್ಮರು ಮೊದಲು ದಾಟಿ, ಬರುವ ಕೆಡುಕನ್ನೆಲ್ಲ ತಮ್ಮ ತಲೆಯ ಮೇಲೆ ಹಾಕಿಕೊಂಡು ಹೋದ ಮೇಲೆ ನಾನು ಹೊರಡುತ್ತೇನೆ.

ಇಂಥವನ ಮನೆಯಲ್ಲೇ ಒಂದು ಕರಿಬೆಕ್ಕಿದೆ. ಹೆಸರು ಸುಬ್ಬಿ. ದೊಡ್ಡಬಳ್ಳಾಪುರದಲ್ಲಿ ನಮ್ಮದು ಸೀರೆ ವ್ಯಾಪಾರ, ಮನೆಯ ಹಿಂಭಾಗದಲ್ಲೇ ಪವರ್‌ಲೂಮ್ ಮಗ್ಗಗಳು. ಸುಬ್ಬಿ ಹುಟ್ಟಿದ್ದು ಆ ಮಗ್ಗದ ಕೆಳಗೆ. ಮಗ್ಗ ಲಟಪಟ ಬಡಿಯುತ್ತಿದ್ದರೆ ಹಾಯಾಗಿ ನಿದ್ದೆ ಮಾಡುತ್ತದೆ, ಕರೆಂಟು ಹೋಗಿ ಸದ್ದು ನಿಂತರೆ ಗಾಬರಿಯಾಗಿ ಎದ್ದು ಓಡುತ್ತದೆ. ಹೆಂಡತಿ ಗಿರಿಜೆಗೆ ಅದರ ಮೇಲೆ ಜೀವ. ಅದು ದಿನವಿಡೀ ನನಗೆ ಅಡ್ಡ ಹೋಗುತ್ತಲೇ ಇರುತ್ತದೆ. ಇದಕ್ಕೆ ನಮ್ಮಮ್ಮ ಇದ್ದಾಗಲೇ ತೀರ್ಪು ಕೊಟ್ಟಿದ್ದರು. "ಮನೆ ಬೆಕ್ಕಿಗೆ ಶಕುನ ಇಲ್ಲ ಕಣೋ. ಇದ್ದಿದ್ರೆ ನಾನು ಅಡುಗೆಮನೆಯಿಂದ ಆಚೆಗೇ ಬರಂಗಿರ್ಲಿಲ್ಲ."

ಇನ್ನು ನಮ್ಮ ಕಾರು. ಸೆಕೆಂಡ್ ಹ್ಯಾಂಡ್. ಹೊರಟರೆ ಊರು ಮುಟ್ಟಿಸುತ್ತದೆ, ನಡುವೆ ನಿಂತರೆ ತಳ್ಳಿಸಿಕೊಳ್ಳುತ್ತದೆ. ಬ್ಯಾಟರಿ ಹೋಗಿದೆ, ಬದಲಾಯಿಸಿ ಎಂದು ಗಿರಿಜೆ ಹೇಳುತ್ತಲೇ ಇದ್ದಳು. ಒಂದು ಸಲ ಅಮಾವಾಸ್ಯೆ ಅಡ್ಡ ಬಂತು. ಅದು ಕಳೆಯಿತು ಅನ್ನುವಾಗ ಶನಿವಾರ ಬಂತು, ಶನಿವಾರ ಕಬ್ಬಿಣ ಮನೆಗೆ ತರಬಾರದು. ಬ್ಯಾಟರಿಯಲ್ಲಿ ಕಬ್ಬಿಣ ಇದೆಯೋ ಇಲ್ಲವೋ ನನಗೆ ತಿಳಿಯದು, ಆದರೆ ಇಂಥ ವಿಷಯದಲ್ಲಿ ಹುಷಾರಾಗಿರುವುದು ಒಳ್ಳೆಯದು.

ಅನುಗೊಂಡನಹಳ್ಳಿಯಲ್ಲಿ ಗಿರಿಜೆಯ ತಂಗಿಯ ಮನೆ. ಎರಡು ದಿನ ಇದ್ದು ಬರೋಣವೆಂದು ಹೊರಟೆವು. ಬೆಕ್ಕು ನೋಡಿಕೊಳ್ಳುವ ಪಕ್ಕದ ಮನೆಯವರೂ ಊರಿಗೆ ಹೋಗಿದ್ದರಿಂದ ಸುಬ್ಬಿಯೂ ಹೊರಟಿತು. ಇಂಜಿನ್ನಿನ ಸದ್ದು ಮಗ್ಗದಂತೆ ಕೇಳಿಸಿತೋ ಏನೋ, ಗಿರಿಜೆಯ ತೊಡೆಯ ಮೇಲೆ ಟವೆಲ್ ಹೊದ್ದು ಗೊರಕೆ ಹೊಡೆಯುತ್ತಿತ್ತು. ಬಾಶೆಟ್ಟಿಹಳ್ಳಿಯ ಹತ್ತಿರ ಬಂದಾಗ ಒಂದು ಬೀದಿಬೆಕ್ಕು ರಸ್ತೆಗೆ ಅಡ್ಡ ಹೋಯಿತು. ಕಾಲು ತಾನಾಗಿಯೇ ಬ್ರೇಕ್ ಒತ್ತಿತು, ಕ್ಲಚ್ ಮರೆಯಿತು. ಕಾರು ಒಮ್ಮೆ ಜಗ್ಗಿ ಆಫ್ ಆಯಿತು.

"ಏನಾಯ್ತ್ರೀ?" ಎಂದಳು ಗಿರಿಜೆ.

"ಹಂಪ್ ಇತ್ತು."

ಅವಳು ಹಿಂದೆ ತಿರುಗಿ ನೋಡಿದಳು. "ಎಲ್ಲೂ ಕಾಣಲ್ವಲ್ಲ."

"ಸಣ್ದು," ಎಂದು ಹೇಳಿ ಕೆಳಗಿಳಿದೆ.

ಗಾಡಿ ನಿಂತರೆ ಬಾನೆಟ್ ಎತ್ತಿ ನೋಡುವುದು ಗಂಡಸಾದವನ ಧರ್ಮ. ಒಳಗೆ ಏನನ್ನು ನೋಡಬೇಕೆಂದು ನನಗೆ ಗೊತ್ತಿಲ್ಲ. ಎಲ್ಲವೂ ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಇಳಿಯುವಾಗ ನನ್ನ ಕಡೆಯ ಬಾಗಿಲು ಹಾಕಿರಲಿಲ್ಲ. ಸದ್ದು ನಿಂತದ್ದೇ ಸುಬ್ಬಿಗೆ ಎಚ್ಚರವಾಗಿ, ಆ ಬಾಗಿಲಿನಿಂದ ಹಾರಿ, ಬಾಲ ಎತ್ತಿಕೊಂಡು ರಸ್ತೆ ದಾಟಿ ಆಚೆ ಬದಿಯ ಮೋರಿಕಟ್ಟೆಯ ಮೇಲೆ ಕುಳಿತಿತು.

ಫ್ಯಾಕ್ಟರಿಗಳ ಶಿಫ್ಟು ಬಿಡುವ ಹೊತ್ತು. ಬರುತ್ತಿದ್ದ ಬೈಕುಗಳೆಲ್ಲ ನಿಂತವು. ಕರಿಬೆಕ್ಕು, ಅದೂ ಎಲ್ಲರಿಗೂ ಕಾಣುವಂತೆ ದಾಟಿದೆ. ಮೊದಲು ಹೋಗುವವರು ಯಾರು? ಒಬ್ಬ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ, ಇನ್ನೊಬ್ಬ ಫೋನು ತೆಗೆದ. ನನ್ನ ಬಗೆಯವರು ಇಷ್ಟೊಂದು ಜನ ಇದ್ದಾರೆಂದು ಅಂದೇ ತಿಳಿದದ್ದು. ಎಲ್ಲರಿಗಿಂತ ಮುಂದೆ ಒಂದು ಸ್ಕೂಟರು. ಅದರ ಹಿಂದಿನ ಸೀಟಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ತೊಡೆಯ ಮೇಲೆ ಹಣ್ಣು, ಹೂವು, ಎಲೆ ಅಡಿಕೆಯ ತಟ್ಟೆ ಇಟ್ಟುಕೊಂಡು ಕುಳಿತಿದ್ದರು.

"ಮಗನ್ಗೆ ಹೆಣ್ಣು ನೋಡಕ್ಕೆ ಹೊಂಟಿದೀವಿ. ಯಾರ್ದ್ರೀ ಈ ದರಿದ್ರ ಬೆಕ್ಕು? ನಿಮ್ದಾ?" ಎಂದರು.

ಹೌದು, ಸಾಕಿದ್ದು, ಮನೆ ಬೆಕ್ಕಿಗೆ ಶಕುನ ಇಲ್ಲ ಎಂದಿದ್ದರೆ ಮುಗಿದೇಹೋಗುತ್ತಿತ್ತು. ಅಷ್ಟು ಜನರ ಮುಖ ನೋಡಿ ನನ್ನ ಬಾಯಿ ಬೇರೆಯೇ ಹೇಳಿತು.

"ನಮ್ದಲ್ಲ ಯಜಮಾನ್ರೇ. ಯಾರ್ದೋ ಏನೋ."

"ನಿಮ್ ಗಾಡಿಯಿಂದ್ಲೇ ಇಳೀತಲ್ರೀ."

"ಎಲ್ಲೋ ಹತ್ಕೊಂಡಿರ್ಬೇಕು."

ನನ್ನ ದನಿ ಕೇಳಿದ ಸುಬ್ಬಿ ಮಿಯಾಂವ್ ಎಂದು ಎದ್ದು ಸೀದಾ ನನ್ನ ಕಡೆಗೇ ಬರತೊಡಗಿತು. ಆ ಕಡೆಯಿಂದ ಒಂದು ಫ್ಯಾಕ್ಟರಿ ಬಸ್ಸು ಬರುತ್ತಿತ್ತು. ಓಡಿ ಹೋಗಿ ಎತ್ತಿಕೊಂಡರೆ ಬೆಕ್ಕು ನನ್ನದೆಂದಾಗುತ್ತದೆ. ಎತ್ತಿಕೊಳ್ಳದಿದ್ದರೆ ಬಸ್ಸಿನ ಕೆಳಗೆ ಹೋಗುತ್ತದೆ. ಆ ಗಳಿಗೆಯಲ್ಲಿ ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಬಗ್ಗಿ ಬಾನೆಟ್ಟಿನೊಳಗೆ ನೋಡಿದೆ.

ತಲೆ ಎತ್ತುವಷ್ಟರಲ್ಲಿ ಗಿರಿಜೆ ಬಸ್ಸಿಗೆ ಕೈ ಅಡ್ಡ ಹಿಡಿದು ರಸ್ತೆಯ ನಡುವೆ ನಿಂತಿದ್ದಳು. ಬಸ್ಸು ನಿಂತಿತ್ತು. ಸುಬ್ಬಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಸ್ಕೂಟರಿನ ಎದುರಿಗೇ ನಡೆದು ಬಂದಳು.

"ನಮ್ದೇ ಬೆಕ್ಕು ಯಜಮಾನ್ರೇ, ಸಾಕಿದ್ದು. ಒಳ್ಳೇದಾಗುತ್ತೆ, ಹೋಗ್ಬನ್ನಿ," ಎಂದಳು.

ಹಿರಿಯರು ಅವಳ ಹಣೆಯ ಕುಂಕುಮ, ಮುಡಿಯ ಹೂವು ನೋಡಿದರು. ಮುಖ ಅರಳಿತು. "ಮುತ್ತೈದೆ ಎದುರಿಗೆ ಬಂದವ್ರೆ, ಇನ್ನೇನು. ನಡೀಲಾ," ಎಂದು ಸ್ಕೂಟರು ಓಡಿಸುತ್ತಿದ್ದ ಮಗನ ಬೆನ್ನು ತಟ್ಟಿದರು. ಸ್ಕೂಟರ್ ಹೊರಟಿತು, ಹಿಂದೆಯೇ ರಸ್ತೆಯೆಲ್ಲ ಹೊರಟಿತು.

ಗಿರಿಜೆ ನನಗೆ ಬೈಯಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದೆ. ಬೆಕ್ಕನ್ನು ಪಕ್ಕದ ಸೀಟಿನಲ್ಲಿ ಮಲಗಿಸಿ ಸ್ಟೇರಿಂಗ್ ಮುಂದೆ ಕುಳಿತಳು. "ಬಾನೆಟ್ ನೋಡಿದ್ದು ಸಾಕು. ತಳ್ಳಿ," ಎಂದಳು. ಇಬ್ಬರು ಕೆಲಸಗಾರರು ಬೈಕು ನಿಲ್ಲಿಸಿ ಕೈ ಹಚ್ಚಿದರು. ಕಾರು ಕೆಮ್ಮಿ ಸ್ಟಾರ್ಟ್ ಆಗಿ ಮುಂದೆ ಹೋಯಿತು. ಮತ್ತೆ ಆಫ್ ಆದೀತೆಂದು ಅವಳು ಸ್ವಲ್ಪ ದೂರ ಹೋಗಿ, ಇಂಜಿನ್ ಗುರುಗುಟ್ಟಿಸುತ್ತ ನಿಲ್ಲಿಸಿದಳು. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ. ತಳ್ಳಿದ್ದವರಲ್ಲಿ ಒಬ್ಬ ನನಗಿಂತ ಮೊದಲೇ ಬೈಕಿನಲ್ಲಿ ಹೋಗಿ ಕಿಟಕಿಯ ಹತ್ತಿರ ಬಗ್ಗಿ ಕೇಳುತ್ತಿದ್ದ.

"ಅಕ್ಕಾ, ಹಿಂದೆ ಓಡ್ಬರ್ತಿದಾರಲ್ಲ, ಅವ್ರು ನಿಮ್ಮೋರಾ?"

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಏನು ಹೇಳುತ್ತಾಳೋ ಎಂದು ನಾನು ಅಲ್ಲೇ ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ.

"ನಮ್ಮೋರೇ ಕಣಪ್ಪಾ," ಎಂದಳು. "ಇಲ್ಲ ಅನ್ನೋಕಾಗುತ್ತಾ."

ಅನುಗೊಂಡನಹಳ್ಳಿಯವರೆಗೆ ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ವಾಪಸ್ಸು ನಮ್ಮೂರಿಗೆ ಬಂದ ಮಾರನೆಯ ದಿನವೇ ಬ್ಯಾಟರಿ ಹಾಕಿಸಿದೆ, ಶನಿವಾರವೇ ಆಗಿತ್ತು. ಗಿರಿಜೆ ರಸ್ತೆಯಲ್ಲಿ ನಡೆದದ್ದನ್ನು ಮತ್ತೆ ಎತ್ತಲಿಲ್ಲ, ಮರೆತಿರಲೂಬಹುದು. ಸುಬ್ಬಿ ಮರೆತಿಲ್ಲ. ಈಗ ನಾನು ನಡುಮನೆಯಲ್ಲಿ ಅದಕ್ಕೆ ಅಡ್ಡ ಹೋದರೆ ಇಟ್ಟ ಕಾಲು ಹಿಂದಕ್ಕೆ ತೆಗೆದುಕೊಂಡು ನಿಲ್ಲುತ್ತದೆ. ನಾನು ದಾಟಿ ಹೋದ ಮೇಲೂ ಮೀಸೆ ನೆಕ್ಕಿಕೊಳ್ಳುವ ನೆಪ ಮಾಡಿಕೊಂಡು ಕಾಯುತ್ತದೆ. ಗಿರಿಜೆ ಆ ದಾರಿಯಲ್ಲಿ ಒಮ್ಮೆ ಹಾದು ಹೋದ ಮೇಲೆ ಹೊರಡುತ್ತದೆ.