ಅಕ್ಕನನ್ನು ಕರೆಯಲು ಹೋದ ಹೆಬ್ಬೆರಳು

ಮನುಷ್ಯನಿಗೆ ರೋಗ ಬರುವುದು ತಪ್ಪಿದ್ದಲ್ಲ. ಬಂದರೆ ನಾಲ್ಕು ಮಂದಿಯೆದುರು ಹೇಳಿಕೊಳ್ಳುವಂಥದ್ದು ಬರಬೇಕು ಎಂಬುದು ನನ್ನ ಬಹುದಿನದ ಆಸೆ. ಎದೆನೋವು ಎಂದರೆ ಜನ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ವಿಷಮಜ್ವರ ಎಂದರೆ ಮೋಸಂಬಿ ತಂದು ನೋಡಿ ಹೋಗುತ್ತಾರೆ. ಕಾಲಿನ ಹೆಬ್ಬೆರಳು ನೋಯುತ್ತದೆ ಎಂದು ಹೇಳಿ ನೋಡಿ, ಎಲ್ಲಿ ಎಡವಿದ್ರಿ ಎಂದು ಕೇಳಿ ಮಳೆಬೆಳೆಯ ಮಾತಿಗೆ ಹೋಗುತ್ತಾರೆ. ನನಗೆ ಬಂದದ್ದು ಈ ಹೆಬ್ಬೆರಳಿನ ರೋಗ. ಹೊದ್ದ ಧೋತರದ ಅಂಚು ತಾಗಿದರೂ ಜೀವ ಬಾಯಿಗೆ ಬರುತ್ತದೆ, ಮರ್ಯಾದೆ ಮಾತ್ರ ಕವಡೆಯಷ್ಟೂ ಇಲ್ಲ.

ಆಗ ನಾನು ಗೋಕಾಕದ ಕೋರ್ಟಿನಲ್ಲಿ ಕಾರಕೂನ. ಬೆಳಿಗ್ಗೆ ಕೂತರೆ ಸಂಜೆ ಏಳುವ ಕೆಲಸ. ಸ್ವಾತಂತ್ರ್ಯ ಬಂದ ಏಳೆಂಟು ವರ್ಷಗಳಲ್ಲಿ ದೇಶ ಎಷ್ಟು ಬೆಳೆಯಿತೋ ನನಗೆ ತಿಳಿಯದು, ನನ್ನ ಹೊಟ್ಟೆ ಮಾತ್ರ ಎದ್ದು ಕಾಣುವಂತೆ ಬೆಳೆದಿತ್ತು. ನನ್ನ ಹೆಂಡತಿ ಗೌರವ್ವ ಅದನ್ನು ತನ್ನ ಕೈಗುಣವೆಂದೇ ನಂಬಿದ್ದಳು. ಒಂದು ಶ್ರಾವಣದಲ್ಲಿ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಾಗ ಯಾರೋ ಹುಕ್ಕೇರಿಯ ಡಾಕ್ಟರೊಬ್ಬರ ಹೆಸರು ಹೇಳಿದರು. ವಯಸ್ಸಾದವರು, ಮಾತು ಖಾರ. ಬೆರಳು ನೋಡಿದರು, ಹೊಟ್ಟೆ ನೋಡಿದರು, ಏನು ಕೆಲಸವೆಂದು ಕೇಳಿದರು.

"ರಕ್ತದಾಗಿನ ಹುಳಿ ಮೂತ್ರಪಿಂಡದಾಗಿಂದ ಹೊರಗ ಹೋಗಬೇಕ್ರಿ," ಎಂದರು. "ನಿಮ್ಮ ಮೂತ್ರಪಿಂಡ ನಿಮ್ಮ ಕಚೇರಿಯಂಗ ಐತಿ. ಒಳಗ ಬಂದದ್ದು ಹೊರಗ ಹೋಗಂಗಿಲ್ಲ. ಹುಳಿ ಹೋಗಿ ಹೆಬ್ಬಟ್ಟಿನ ಸಂದ್ಯಾಗ ಕುಂತೈತಿ. ನೀರು ಭಾಳ ಕುಡೀರಿ. ಹೊಟ್ಟಿ ಇಳಸ್ರಿ. ಸಾವಕಾಶ ಇಳಸ್ರಿ."

ಸಾವಕಾಶ ಎಂಬ ಆ ಮಾತು ಬಸ್ಸು ಹುಕ್ಕೇರಿ ದಾಟುವುದರೊಳಗೆ ನನಗೆ ಮರೆತುಹೋಯಿತು. ಊರ ಮಂದಿಯ ಖಟ್ಲೆಗಳನ್ನೆಲ್ಲ ವರ್ಷಗಟ್ಟಲೆ ಸಾವಕಾಶವಾಗಿ ನಡೆಸಿದ ನನಗೆ, ನನ್ನ ಹೊಟ್ಟೆಯ ವಿಷಯದಲ್ಲಿ ಅವಸರವಾಯಿತು. ಅದಕ್ಕೆ ಕಾರಣ ನೀಲಕ್ಕ.

ನೀಲಕ್ಕ ನನ್ನ ಅಕ್ಕ. ಅವ್ವ ಹೋದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹನ್ನೊಂದು. ಸೊಂಟದ ಮೇಲೆ ಹೊತ್ತು ತಿರುಗಿ ನನ್ನನ್ನು ದೊಡ್ಡವನನ್ನಾಗಿ ಮಾಡಿದವಳು ಅವಳು. ನಾಗರಪಂಚಮಿ ಬಂದರೆ ಹಿತ್ತಲ ಬೇವಿನ ಮರದ ಜೋಕಾಲಿಯಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜೀಕುತ್ತಿದ್ದಳು, ತನ್ನ ಪಾಲಿನ ಅಂಟಿನ ಉಂಡಿಯನ್ನೂ ನನ್ನ ಬಾಯಿಗೇ ಇಡುತ್ತಿದ್ದಳು. ನನ್ನ ಹೊಟ್ಟೆಗೆ ಅಡಿಗಲ್ಲು ಹಾಕಿದವಳು ಅವಳೇ, ಗೌರವ್ವ ಸುಮ್ಮನೆ ಹೆಸರು ಪಡೆದಳು. ಲಗ್ನವಾಗಿ ಮೂಡಲಗಿಗೆ ಹೋದ ಮೇಲೆ ಪ್ರತಿ ಪಂಚಮಿಗೂ ತವರಿಗೆ ಬರುತ್ತಿದ್ದಳು. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಪಂಚಮಿಗೆ ತಾವಾಗಿ ಬರುವ ಪದ್ಧತಿಯಿಲ್ಲ. ಅಣ್ಣನೋ ತಮ್ಮನೋ ಖುದ್ದು ಹೋಗಿ ಕರೆಯಬೇಕು. ಕಾಗದ ಬರೆದರೆ ನಡೆಯದು, ಆಳು ಕಳಿಸಿದರಂತೂ ಕೇಳುವುದೇ ಬೇಡ. ಒಂದು ವರ್ಷ ಕೋರ್ಟಿನ ಕೆಲಸವೆಂದು ನಾನು ಹೋಗಲಿಲ್ಲ. ಅದು ಅರ್ಧ ಖರೆ, ಅರ್ಧ ಮೈಗಳ್ಳತನ. ಮರುವರ್ಷ ಹೆಬ್ಬೆರಳು ಅಡ್ಡ ಬಂತು. ಅದು ಪೂರಾ ಖರೆ. ಮೂಡಲಗಿಯಿಂದ ಸಂತೆಗೆ ಬಂದವರೊಬ್ಬರ ಕೂಡ ಅಕ್ಕ ಹೇಳಿ ಕಳಿಸಿದ್ದಳು: "ಹ್ವಾದ ವರ್ಷ ಕೋರ್ಟ ಆತು, ಈ ವರ್ಷ ಕಾಲ ಆತು. ಬರೂ ವರ್ಷಕ್ಕ ಏನ ಇಟ್ಟಾನ ಕೇಳ್ರಿ."

ಬರುವ ವರ್ಷ ಏನೂ ಇರಬಾರದೆಂದು ಹಟ ತೊಟ್ಟೆ. ಹಟ ತೊಟ್ಟದ್ದು ಮಾತ್ರ, ಹೊಟ್ಟೆ ಇಳಿಸುವುದನ್ನು ಹನ್ನೊಂದು ತಿಂಗಳು ಮುಂದೂಡುತ್ತಲೇ ಬಂದೆ. ಶ್ರಾವಣ ಹಿಡಿದ ದಿನ ಎಚ್ಚರವಾಯಿತು. ಇನ್ನುಳಿದದ್ದು ಉಪವಾಸವೊಂದೇ. ಮೊದಲ ದಿನ ಗೌರವ್ವ ಉಪವಾಸದ ಪದ್ಧತಿಯಂತೆ ಶೇಂಗಾ ಹಾಕಿದ ಸಾಬೂದಾಣಿ, ಬಾಳೆಹಣ್ಣು, ಕೆನೆಹಾಲು ತಂದಿಟ್ಟಳು. ಎಂದಿನ ಊಟಕ್ಕಿಂತ ಅದೇ ಹೆಚ್ಚಾಯಿತು. ಮರುದಿನದಿಂದ ನಾನು ಕಟ್ಟುನಿಟ್ಟು ಮಾಡಿದೆ: ಅನ್ನವಿಲ್ಲ, ಹಣ್ಣಿಲ್ಲ, ಪುಣ್ಯ ಇನ್ನಷ್ಟು ಬರಲೆಂದು ನೀರೂ ಇಲ್ಲ. ಅತ್ತ ಅಡುಗೆಮನೆಯಲ್ಲಿ ಗೌರವ್ವ ಹಬ್ಬದ ಉಂಡಿಗೆಂದು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದಳು. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಹಸಿವೆಗೆ ಬಂತೋ ಅಕ್ಕನ ನೆನಪಿಗೆ ಬಂತೋ ಹೇಳಲಾರೆ. ಆದರೂ ಎದ್ದು ಹೋಗಿ ಬೇವಿನ ಮರಕ್ಕೆ ಹೊಸ ಹಗ್ಗ ಕಟ್ಟಿದೆ.

ಕರೆಯಲು ಹೊರಡುವ ದಿನ ಬೆಳಿಗ್ಗೆ ಹೆಬ್ಬೆರಳು ಚುಳ್ ಎಂದಿತು. ಗೌರವ್ವನಿಗೆ ಹೇಳಲಿಲ್ಲ. ಮೆಟ್ಟು ಏರಿಸಿಕೊಂಡು ಬಸ್ಸು ಹತ್ತಿದೆ. ಮೂಡಲಗಿ ಬರುವುದರೊಳಗೆ ಮೆಟ್ಟು ಕಾಲಿನಿಂದ ಕೈಗೆ ಬಂದಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಎಲ್ಲಿ ಎಡವಿದ್ರಿ ಎಂದು ಕೇಳಿದರು.

ಅಕ್ಕ ಕಟ್ಟೆಯ ಮೇಲೆ ಇಳಕಲ್ ಸೀರೆ ಉಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೈಚೀಲ. ನನ್ನನ್ನು ಕಂಡವಳೇ ಮುಖ ಅರಳಿಸಿ ತಂಬಿಗೆ ನೀರು ತಂದು ಕಾಲಿಗೆ ಹಾಕಲು ಬಗ್ಗಿದಳು. ಬಗ್ಗಿದವಳಿಗೆ ಊದಿದ ಹೆಬ್ಬೆರಳು ಕಂಡಿತು. ನೀರು ಹಾಕಲಿಲ್ಲ. ಕೈಚೀಲವನ್ನು ಎತ್ತಿಕೊಂಡು ಹೋಗಿ ಒಳಗೆ ಗೂಟಕ್ಕೆ ಸಿಕ್ಕಿಸಿ ಬಂದಳು.

"ನಡಿ ಅಕ್ಕಾ, ಸಂಜೀ ಬಸ್ಸಿಗೆ ಹೋಗೂಣು," ಎಂದೆ.

"ಸುಮ್ಮ ಮಲಕ್ಕೋ. ತವರ ತಾನ ಕುಂಟಕೊಂತ ಬಂದೈತಿ, ಇನ್ನೆಲ್ಲಿಗೆ ಹೋಗ್ಲಿ ನಾ?"

ಎಂಟು ದಿನ ಏಳಲಾಗಲಿಲ್ಲ. ಪಂಚಮಿ ಅಲ್ಲಿಯೇ ಆಯಿತು. ಕರೆಯಬಂದವನು ಹಾಸಿಗೆಯಲ್ಲಿ, ಹಬ್ಬಕ್ಕೆ ಹೊರಟವಳು ಒಲೆಯ ಮುಂದೆ. ತಾಸಿಗೊಂದು ತಂಬಿಗೆ ನೀರು ಕುಡಿಸಿದಳು. ತವರಿಗೆ ಒಯ್ಯಲೆಂದು ಮಾಡಿಟ್ಟ ಉಂಡಿಯನ್ನು ಮುರಿದು ದೊಡ್ಡ ಪಾಲು ನನಗೇ ಕೊಟ್ಟಳು. ಜೋಕಾಲಿ ಕಟ್ಟಿದ್ದೇನೆಂದು ಹೇಳಿದಾಗ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆಮೇಲೆ ಹುಕ್ಕೇರಿಯ ಡಾಕ್ಟರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒಮ್ಮೆಲೆ ಉಪವಾಸ ಬಿದ್ದರೆ ಕೊಬ್ಬು ಕರಗುತ್ತದೆ ನಿಜ, ಆದರೆ ಕರಗಿದ್ದೆಲ್ಲ ಮೂತ್ರಪಿಂಡದ ಬಾಗಿಲಿಗೆ ಬಂದು ಗುಂಪುಗಟ್ಟಿ ನಿಲ್ಲುತ್ತದೆ, ಅದನ್ನು ದಾಟಿ ಹುಳಿ ಹೊರಗೆ ಹೋಗುವುದು ಹೇಗೆ, ಅದರಲ್ಲಿ ನೀವು ನೀರನ್ನೂ ಬಿಟ್ಟಿರಿ ಎಂದು ಬೈದರು. ಸಾವಕಾಶ ಎಂಬುದನ್ನು ಈ ಸಲ ಚೀಟಿಯ ಮೇಲೆ ಬರೆದುಕೊಟ್ಟರು.

ಬರೆದುಕೊಟ್ಟಂತೆಯೇ ನಡೆದೆ. ಹೊಟ್ಟೆ ಇಳಿಯಿತು, ಮೂತ್ರಪಿಂಡ ತಕರಾರು ಬಿಟ್ಟಿತು, ಮುಂದಿನ ಪಂಚಮಿಗೆ ಬೆರಳು ಕೂಸಿನ ಬೆರಳಿನಂತಿತ್ತು. ಅಕ್ಕ ಮಾತ್ರ ಅಷ್ಟು ಸಾವಕಾಶ ಮಾಡಲಿಲ್ಲ. ಆ ಪಂಚಮಿ ಬರುವ ಮೊದಲೇ, ಮಾಘದಲ್ಲಿ, ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು.

ವರ್ಷಗಳಾದವು. ಡಾಕ್ಟರು ನನ್ನನ್ನು ಬೇರೆ ರೋಗಿಗಳಿಗೆ ತೋರಿಸಿ ಹೊಗಳುತ್ತಾರೆ. ಅವರಿಗೆ ಒಂದು ಸಂಗತಿ ಹೇಳಿಲ್ಲ. ಪಂಚಮಿಯ ಮುನ್ನಾದಿನ ಬೆಳಿಗ್ಗೆ ನಾನು ಹೆಬ್ಬೆರಳನ್ನು ಹಿಚುಕಿ ಹಿಚುಕಿ ನೋಡಿಕೊಳ್ಳುತ್ತೇನೆ, ಎಲ್ಲಾದರೂ ಒಂದಿಷ್ಟು ನೋವು ಉಳಿದಿದೆಯೇ ಎಂದು. ಮೂಡಲಗಿಗೆ ಹೋಗದಿರಲು ನನಗೊಂದು ನೆವ ಬೇಕಲ್ಲ.